ಇಲ್ಲಿ ಒಡ್ಡು ಇತ್ತಂತ

ಏಡಿ, ಅದು ಏಡಿಯೇ, ಹುಲ್ಲಿನ ಮೇಲೆ ಅಡ್ಡಡ್ಡ ನಡೆಯುತ್ತಿದೆ, ನಿನ್ನೆ ಹಾಸಿದ ಹುಲ್ಲು, ಇನ್ನೂ ಬೇರು ಹಿಡಿದಿಲ್ಲ, ನನಗೇ ಅದರ ಮೇಲೆ ಕಾಲಿಡಬ್ಯಾಡ ಅಂದಿದ್ದಾರೆ ಇವರು, ಏಡಿಗೆ ಯಾರು ಹೇಳಬೇಕು, ಒಂದು ಕೊಂಡಿ ಮೇಲೆತ್ತಿ, ದಾರಿ ಬಿಡ್ರಿ ಅನ್ನುವ ಹಾಗೆ ಹೋಗುತ್ತಿದೆ, ಅದೂ ಕೆಳಗಲ್ಲ, ಮೇಲೆ, ಮನೆಯ ಕಡೆಗೆ, ಮನೆಯಲ್ಲಿ ಅದಕ್ಕೇನು ಕೆಲಸ. ಅಡುಗೆಮನೆಯ ಕಿಟಕಿಯಾಚೆ ಮಳೆ ಎಳೆ ಎಳೆಯಾಗಿ ಬೀಳುತ್ತಿಲ್ಲ, ಇವರ ಅಂಗಡಿಯಲ್ಲಿ ಸುತ್ತಿಟ್ಟ ನಾರಿನ ಹಗ್ಗವನ್ನು ಮೇಲಿಂದ ಬಿಚ್ಚಿ ಬಿಟ್ಟ ಹಾಗೆ ದಪ್ಪಗೆ ಬೀಳುತ್ತಿದೆ, ಮಧ್ಯಾಹ್ನ ಆಗುತ್ತ ಬಂದರೂ ಬೆಳಕು ಏರಿಲ್ಲ, ತಲೆಯ ಮೇಲಿನ ತಗಡಿನ ಸಪ್ಪಳದಲ್ಲಿ ನಾನು ರೊಟ್ಟಿ ಬಡಿಯುವ ಸಪ್ಪಳ ನನಗೇ ಕೇಳುತ್ತಿಲ್ಲ, ಅಂಗೈಗೆ ಮಾತ್ರ ಗೊತ್ತಾಗುತ್ತಿದೆ, ತಟ್ಟುತ್ತಿದ್ದೇನೆ, ತಿರುಗುತ್ತಿದೆ, ದುಂಡಗಾಗುತ್ತಿದೆ. ಈ ಕಿಟಕಿಯಿಂದ ಎಲ್ಲ ಕಾಣುತ್ತದೆ, ಮನೆ ಗುಡ್ಡದ ಮಗ್ಗುಲಿಗೆ ಸ್ವಲ್ಪ ಬಾಗಿ ಕುಳಿತಿದೆ, ಅದಕ್ಕೇ ಎಡಕ್ಕೆ ಹುಲ್ಲು, ಹುಲ್ಲು ಮುಗಿದಲ್ಲಿ ಎರಡಾಳು ಆಳಕ್ಕೆ ಇಳಿಯುವ ಕಲ್ಲಿನ ಗೋಡೆ, ಆ ಗೋಡೆಯ ಹೊರಮುಖ ಸೆರಗಿನೊಳಗಿನ ಮುಖದ ಹಾಗೆ ಓರೆಯಾಗಿ ಅರ್ಧ ಕಾಣುತ್ತದೆ, ಅದರಲ್ಲಿ ಒಳಗಿನ ನೀರು ಹೊರಗೆ ಬೀಳಲೆಂದು ಎದೆಮಟ್ಟಕ್ಕೆ ಇಟ್ಟ ಮೂರು ಪೈಪು, ಈ ಕಡೆಯದರಿಂದ ಕೆಂಪು ನೀರು ಬೀಳುತ್ತಿದೆ, ಆ ಕಡೆಯದರಿಂದಲೂ ಬೀಳುತ್ತಿದೆ, ನಡುವಿನದರಿಂದ ಇಲ್ಲ, ಒಂದು ಹನಿ ಇಲ್ಲ, ಇಷ್ಟು ಮಳೆಯಲ್ಲಿ ಅದೊಂದು ಮಾತ್ರ ಒಣ ಬಾಯಿ ತೆರೆದುಕೊಂಡು ನಿಂತಿದೆ. ಇವರು ಅದರ ಹತ್ತಿರಕ್ಕೇ ಹೊರಟರು, ನೀ ರೊಟ್ಟಿ ಬಡಿ ಇಂದೂ, ನಾ ಒಂದ್ ಸ್ವಲ್ಪ ಚುಚ್ಚಿ ಬರ್ತೀನಿ, ಅದರ ಗಂಟಲದಾಗ ಏನೋ ಸಿಕ್ಕೊಂಡದ, ರೀ ಮಳಿ ನಿಲ್ಲಲಿ ತಡೀರಿ ಅಂದೆ, ಮಳಿ ನಿಂತ ಮ್ಯಾಲ ಚುಚ್ಚಿ ಏನ್ ಮಾಡೋದು, ನೆಗಡಿ ಹೋದ ಮ್ಯಾಲ ಕಷಾಯ ಕುಡದಂಗ ಆಗ್ತದ, ಎಂದು ನಗುತ್ತ ಮಂಕಿ ಟೊಪ್ಪಿಗೆ ಹಾಕಿಕೊಂಡು, ಅದರ ಮೇಲೆ ಹಳದಿ ರೇನ್‌ಕೋಟಿನ ಕುಂಚಿಗೆ ಎಳೆದುಕೊಂಡು, ಉದ್ದನೆಯ ಕಬ್ಬಿಣದ ಸಳಿ ಹಿಡಿದು ಹೋದರು, ಎರಡು ಟೊಪ್ಪಿಗೆ, ಕಿವಿ ಮುಚ್ಚಿ ಹೋಯಿತು, ಆಗಲೇ ಅನಿಸಿತು, ಕರೆದರೆ ಕೇಳುವುದಿಲ್ಲ ಎಂದು, ಯಾಕೆ ಕರೆಯಬೇಕಾದೀತು ಎಂದು ಮಾತ್ರ ಅನಿಸಲಿಲ್ಲ. ಇಳಿಯುವ ಮೆಟ್ಟಿಲಿಗೆ ಹಾವಸೆ ಕಟ್ಟಿದೆ, ನನ್ನ ಮೊಣಕಾಲು ಊದಿದೆ, ಇಲ್ಲದಿದ್ದರೆ ನಾನೂ ಹೋಗುತ್ತಿದ್ದೆ, ಹೋಗಿ ಏನು ಮಾಡುತ್ತಿದ್ದೆ, ಕೊಡೆ ಹಿಡಿಯುತ್ತಿದ್ದೆ. ಈಗ ಹಳದಿ ಕುಂಚಿಗೆ ಗೋಡೆಯ ಬುಡದಲ್ಲಿ ಕಾಣಿಸಿಕೊಂಡಿತು, ಕಾಣುತ್ತಿದೆ, ಕಾಣುವವರೆಗೆ ಪರವಾಗಿಲ್ಲ.

ಎಲ್ಲ ಪಾರವ್ವನ ಒಂದು ಮಾತಿಗೆ. ಪಾರವ್ವ ಇವರ ಅಕ್ಕ, ಗಜೇಂದ್ರಗಡದ ಹತ್ತಿರದ ಊರು ಬಿಟ್ಟು ಹೊರಟರೆ ಜೇಜುರಿಗೆ ಮಾತ್ರ, ಮೈಲಾರಲಿಂಗನಿಗೆ ಭಂಡಾರ ಹಾರಿಸಲು, ಹೋದ ಸಲ ಬಂದಾಗ ಇವರು ಹಿಗ್ಗಿನಿಂದ ಕಾರಿನಲ್ಲಿ ಕೂರಿಸಿಕೊಂಡು ಇಲ್ಲಿಗೆ ಕರೆತಂದಿದ್ದರು, ಅಕ್ಕಾ, ಇದು ನಮ್ಮ ಶನಿವಾರ ರವಿವಾರದ ಮನಿ, ಮುಳಶಿ ಕೆರಿ ಅಲ್ಲೆ ಕಾಣ್ತದ ನೋಡು. ಆಕೆ ಕೆರೆ ನೋಡಲಿಲ್ಲ, ಕಾಲಕೆಳಗಿನ ಇಳಿಜಾರು ನೋಡಿದಳು, ಸೊಂಟಕ್ಕೆ ಕೈ ಕೊಟ್ಟು ನಿಂತಳು, ಫಕೀರಾ, ಮಂದಿ ಹೊಲ ಕೊಳ್ತಾರ, ನೀ ಗುಡ್ಡದ ಬೆನ್ನ ಕೊಂಡೀಯಲ್ಲೋ, ಎಮ್ಮಿ ನಿಂತರ ಉರುಳಿ ಬೀಳತೈತಿ ಇಲ್ಲೆ, ಕಾಲ ಚಾಚಿ ಕುಂಡ್ರಾಕ ಒಂದು ಸಪಾಟ ಜಾಗ ಇಲ್ಲಲ್ಲ ನಿನ್ನ ಮನ್ಯಾಗ. ಅಷ್ಟೇ ಅಂದಳು, ಅಂದು ಚಹಾ ಕುಡಿದು ಮರೆತಳು, ಇವರು ಮರೆಯಲಿಲ್ಲ, ಪುಣೆಯ ರವಿವಾರ ಪೇಠೆಯಲ್ಲಿ ಇಷ್ಟು ವರ್ಷ ಹಗ್ಗ ಚೀಲ ಮಾರಿ, ಹೊಲದ ಮಗ ಎಂಬುದನ್ನು ಎಲ್ಲಿಯೋ ಕಟ್ಟಿಟ್ಟಿದ್ದವರು, ಅದನ್ನು ಆ ದಿನ ಬಿಚ್ಚಿದರು. ಬರುವ ಅಮಾವಾಸ್ಯೆಗೆ ಆಕೆ ಮತ್ತೆ ಜೇಜುರಿಗೆ ಬರುತ್ತಾಳೆ, ಅಷ್ಟರೊಳಗೆ ಇಲ್ಲಿ ಸಪಾಟು ಆಗಬೇಕು, ಹಸಿರು ಆಗಬೇಕು, ಆಕೆ ಕಾಲು ಚಾಚಬೇಕು. ಬ್ಯಾಸಗಿಯಲ್ಲಿ ಗೋಡೆ ಎದ್ದಿತು, ಮಣ್ಣು ತುಂಬಿಸಿದರು, ಹುಲ್ಲು ಮಾತ್ರ ಬರುವುದು ತಡವಾಯಿತು, ಉರುಳಿ ಕಾಂಚನ ಎಂಬ ಊರಿನ ನರ್ಸರಿಯಿಂದ ಟೆಂಪೋದಲ್ಲಿ ಸುರುಳಿ ಸುತ್ತಿದ ಹುಲ್ಲಿನ ಚಾಪೆ ಬಂದಾಗ ಆಕಾಶ ಇಳಿದುಬಿಟ್ಟಿತ್ತು. ಮಗಳು ಶಿವಾನಿ, ಪುಣೆಯಲ್ಲಿ ಶಾಲೆಯ ಟೀಚರು, ಫೋನಿನಲ್ಲಿ ಕೂಗಾಡಿದಳು, ಅಪ್ಪಾ ರೆಡ್ ಅಲರ್ಟ್ ಅದ, ನಮ್ಮ ಶಾಲಿಗೆ ಸೂಟಿ ಕೊಟ್ಟಾರ, ಹುಡುಗರನ್ನ ಮನ್ಯಾಗ ಇಟ್ಕೋರಿ ಅಂತ ನಾ ಮಂದಿಗೆ ಮೆಸೇಜ್ ಮಾಡ್ಲಿಕತ್ತೀನಿ, ನೀವು ನೋಡಿದ್ರ ಹುಲ್ಲು ಹಾಸಲಿಕ್ಕೆ ಹೊಂಟೀರಿ, ಅವ್ವಾ ನೀನರ ಹೇಳು. ನಾನು ಹೇಳಿದೆ, ಹೇಳಿದ ಹಾಗೆ ಮಾಡಿದೆ, ಸುರುಳಿ ಬಿಚ್ಚದೆ ಇಟ್ಟರೆ ಒಳಗೇ ಕಾದು ಹಳದಿ ಆಗುತ್ತದೆ ಎಂದು ಟೆಂಪೋದವನು ಹೇಳಿ ಹೋಗಿದ್ದ, ಇವರಿಗೆ ಅದೇ ಕಿವಿಯಲ್ಲಿ, ಮಳ್ಯಾಗ ಹಚ್ಚಿದ ಹುಲ್ಲಿಗೆ ನೀರು ಹಾಕೋ ಕೆಲಸ ಇಲ್ಲವ್ವಾ, ಮ್ಯಾಲಿನಾವನ ಹಾಕ್ತಾನ. ಆಳುಗಳು ಸಿಗಲಿಲ್ಲ, ಕೆಳಗಿನ ಸಣ್ಣ ಊರು, ವಾಡಿ, ಅಲ್ಲಿಯ ಮಂದಿಯೆಲ್ಲ ಭತ್ತದ ಸಸಿ ನಾಟಲು ಗದ್ದೆಗೆ ಇಳಿದಿದ್ದಾರೆ, ಈ ದಿನಗಳಲ್ಲಿ ಅವರು ದೇವರು ಕರೆದರೂ ಬರುವುದಿಲ್ಲ, ನಾವಿಬ್ಬರೇ, ಇವರು ಗಾದಿ ಬಿಚ್ಚುವ ಹಾಗೆ ಸುರುಳಿ ಬಿಚ್ಚುತ್ತ ಹೋದರು, ನಾನು ಮಣೆಯ ಮೇಲೆ ಕುಳಿತು ಜರುಗುತ್ತ, ಒಂದು ಚಾಪೆಯ ಅಂಚು ಇನ್ನೊಂದಕ್ಕೆ ಹತ್ತುವ ಹಾಗೆ ಅಂಗೈಯಿಂದ ಒತ್ತುತ್ತ ಹೋದೆ, ನಡುನಡುವೆ ಮಳೆ, ನಡುನಡುವೆ ನಗು, ಮದುವೆಯಾದ ಹೊಸದರಲ್ಲಿ ಕೂಡ ನಾವು ಹೀಗೆ ಒಟ್ಟಿಗೆ ತೋಯಿಸಿಕೊಂಡಿರಲಿಲ್ಲ. ಮುಗಿದ ಮೇಲೆ ಇವರು ಅದರ ಮೇಲೆ ಅಂಗಾತ ಮಲಗಿಬಿಟ್ಟರು, ಹೊಟ್ಟೆಯ ಮೇಲೆ ಮಳೆ, ಇಂದೂ, ನಮ್ಮೂರ ಹಳ್ಳ ವರ್ಷಕ್ಕೊಮ್ಮೆ ಬರೋ ಬೀಗರಿದ್ದಂಗ, ಯಾವಾಗ ಬರ್ತಾರ, ಎಷ್ಟೊತ್ತು ಇರ್ತಾರ ಯಾರಿಗೂ ಗೊತ್ತಿಲ್ಲ, ಯಾರರ ಒಬ್ಬ ಹಳ್ಳ ಬಂತೋ ಅಂತ ಒದರಿದ್ರ ಸಾಕು, ಶಾಲಿ ಖಾಲಿ, ಮಾಸ್ತರರೂ ಧೋತರ ಎತ್ತಿ ಹಿಡಕೊಂಡು ನಮ್ಮ ಹಿಂದ ಓಡ್ತಿದ್ರು, ದಂಡಿ ತುಂಬ ಮಂದಿ, ನಮ್ಮವ್ವ ಅರಿಷಿಣ ಕುಂಕುಮ ತಗೊಂಡು ಬರ್ತಿದ್ಲು. ಹೇಳುತ್ತ ಹೇಳುತ್ತ ಇವರ ಮುಖ ಹುಡುಗನದಾಗಿತ್ತು. ನಾನು ಒದ್ದೆ ಸೆರಗು ಹಿಂಡಿಕೊಂಡೆ. ನನ್ನ ತವರು ಬೆಣ್ಣೆಹಳ್ಳದ ದಂಡೆ, ನಮ್ಮಲ್ಲಿ ಆ ಕೂಗಿಗೆ ಯಾರೂ ಹಳ್ಳದ ಕಡೆ ಓಡುವುದಿಲ್ಲ, ಬಟ್ಟೆ ಒಗೆಯುತ್ತಿದ್ದ ಅವ್ವ ನನ್ನ ಜಡೆ ಹಿಡಿದು ಎಳೆದು ದಂಡೆಗೆ ಒಗೆದಿದ್ದು, ಕೂದಲ ಬುಡ ಉರಿದದ್ದು, ತಿರುಗಿ ನೋಡಿದರೆ ನಾನು ಕುಳಿತಿದ್ದ ಕಲ್ಲು ಇರಲಿಲ್ಲ.

ಅಯ್ಯ, ರೊಟ್ಟಿಯ ಅಂಚು ಸೀಳಿತು, ಹಿಟ್ಟಿಗೆ ಜಿಗಿ ಇಲ್ಲ, ಇಲ್ಲಿಯ ತಂಪಿಗೆ ಎಲ್ಲ ಹಿಟ್ಟೂ ಸತ್ತು ಹೋಗುತ್ತದೆ, ನೀರು ಮುಟ್ಟಿಸಿ ಒತ್ತಿದೆ, ಕೂಡಿತು, ಕೂಡಿದ ಹಾಗೆ ಕಾಣುತ್ತದೆ. ಹೊರಗೆ ಹಳದಿ ಕುಂಚಿಗೆ ಇದೆ. ಇವರು ಮೊದಲು ಈ ಕಡೆಯ ಪೈಪಿನ ಮುಂದೆ ನಿಂತು ನೀರಿಗೆ ಅಂಗೈ ಒಡ್ಡಿ ನೋಡುತ್ತಿದ್ದಾರೆ, ತೂಕ ನೋಡುವ ಹಾಗೆ, ನೀರು ಕಂಡರೆ ಇವರಿಗೆ ಕೈ ಒಡ್ಡುವುದೇ ಅಭ್ಯಾಸ, ಇವರ ಅಪ್ಪ ಹೊಲದಲ್ಲಿ ಒಡ್ಡು ಹಾಕುವುದರಲ್ಲಿ ಹೆಸರಾದವರು, ಬಿದ್ದ ಮಳೆ ಹೊಲ ಬಿಟ್ಟು ಹೋಗಬಾರದು, ಅಡ್ಡಕ್ಕೆ ಮಣ್ಣು ಏರಿಸಿ, ಕಲ್ಲು ಕೊಟ್ಟು, ನಿಲ್ಲಿಸಬೇಕು, ಕುಡಿಸಬೇಕು, ನೀರನ್ನು ಹೊರಗೆ ಕಳಿಸುವುದೆಂದರೆ ಆ ಮನೆಯಲ್ಲಿ ಬಂದವರನ್ನು ಊಟವಿಲ್ಲದೆ ಕಳಿಸಿದಂತೆ. ಅದಕ್ಕೇ ಆ ದಿನ ಇವರಿಗೆ ಅಷ್ಟು ಹಿಗ್ಗು. ಆ ದಿನ ಎಂದರೆ ಪಾರವ್ವ ಬಂದು ಹೋದ ಮೇಲಿನ ಬ್ಯಾಸಗಿ, ಜಾಗ ತೆಗೆದುಕೊಂಡು ಇನ್ನೂ ಒಂದು ಮಳೆಗಾಲ ಕಂಡಿರಲಿಲ್ಲ, ಬಿಸಿಲು, ಮನೆಯ ಮುಂದೆ ಇಳಿಜಾರಿನ ನಡುವೆ ಮೇಲಿಂದ ಕೆಳಗಿನವರೆಗೆ ಉದ್ದಕ್ಕೊಂದು ತಗ್ಗು, ಒಣ ಎಲೆ ತುಂಬಿಕೊಂಡು, ಒಂದು ಕಡೆ ದೊಡ್ಡ ದೊಡ್ಡ ಗುಂಡುಕಲ್ಲು ಅಡ್ಡಕ್ಕೆ ಬಿದ್ದುಕೊಂಡು, ಇದೇನಿದು ಕೇಳು ಅಂದರು ನನಗೆ. ಕೆಳಗಿನ ವಾಡಿಯ ಸಾವಿತ್ರಿಬಾಯಿ ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ಮಾರಲು ಬಂದಿದ್ದಳು, ಕೇಳಿದೆ. ಕೇಳುವುದು ನನ್ನ ಕೆಲಸ, ಮನೆಗೆ ಮರಾಠಿ ನಾನೇ, ಇವರ ಅಂಗಡಿಯ ಹಮಾಲರು ನಮ್ಮ ಕಡೆಯವರು, ಗಿರಾಕಿಗಳು ಸೊಲ್ಲಾಪುರದವರು, ಇವರಿಗೆ ಮರಾಠಿ ಬೇಕಾಗಲೇ ಇಲ್ಲ, ಡಾಕ್ಟರು, ಸೊಸಾಯಿಟಿ ಮೀಟಿಂಗು, ಶಿವಾನಿ ಸಣ್ಣಾಕೆ ಇದ್ದಾಗ ಆಕೆಯ ಶಾಲೆ, ಎಲ್ಲದಕ್ಕೂ ನಾನು, ಅಮ್ಮಾವರ ಮರಾಠಿ ಕೇಳಿದ್ರ ಯಾರೂ ಕಾನಡಿ ಅನ್ನೋದಿಲ್ರಿ ಅಂತ ಹಮಾಲರು ಅಂದರೆ ಒಳಗೊಳಗೆ ಉಬ್ಬುತ್ತಿದ್ದೆ. ಸಾವಿತ್ರಿಬಾಯಿ ಬಾಯಲ್ಲಿ ಹಲ್ಲು ಕಡಿಮೆ, ಮಾತು ಗಾಳಿ ಜೊತೆ ಬರುತ್ತದೆ, ತಗ್ಗಿನ ಕಡೆ ಕೈ ಮಾಡಿ, ಇಥಂ ಓಢಾ ವ್ಹತಾ ತಾಯೀ, ಆಮಚ್ಯಾ ಮ್ಹಶೀ ಇಥಂಚ ಪಾಣೀ ಪ್ಯಾಯಚ್ಯಾ, ಅಂದಳು. ನಾನು ಒಂದು ಗಳಿಗೆಯೂ ತಡೆಯದೆ ಇವರ ಕಡೆ ತಿರುಗಿದೆ, ಇಲ್ಲಿ ಒಡ್ಡು ಇತ್ತಂತ್ರಿ, ಇವರ ಎಮ್ಮಿ ಇಲ್ಲೇ ನೀರು ಕುಡೀತಿದ್ದುವಂತ. ಒಡ್ಡಾ, ಎಂದರು ಇವರು, ಏನ್ ಹೇಳ್ತಿ, ಒಡ್ಡಾ, ಎಂದು ಆ ಗುಂಡುಕಲ್ಲಿನ ಸಾಲಿನ ಮೇಲೆ ಹೋಗಿ ನಿಂತರು, ಚಪ್ಪಲಿ ಬಿಟ್ಟು ನಿಂತರು, ನೋಡಿಲ್ಲೆ, ನಮ್ಮಪ್ಪ ಹಾಕಿದಂಗ ಹಾಕ್ಯಾರ, ಅಡ್ಡಕ್ಕ ಕಲ್ಲು ಕೊಟ್ಟಾರ, ಹಳೇ ಒಡ್ಡು ಅಂದ್ರ ನೆಲ ಕುಂತು ಗಟ್ಟಿ ಆಗಿರ್ತದ, ಪಾಯಾ ಆಯ್ತು ನಮಗ, ಇದರ ಮ್ಯಾಲೇ ಗೋಡಿ ಏರಸೋಣು. ನಾನೂ ನೋಡಿದೆ, ಒಡ್ಡೇ ಕಂಡಿತು, ಆ ಶಬ್ದ ಬಾಯಲ್ಲಿ ಬಂದ ಮೇಲೆ ಬೇರೆ ಏನೂ ಕಾಣುವ ಹಾಗಿರಲಿಲ್ಲ. ಪುಣೆಯಿಂದ ನಮ್ಮ ಕಡೆಯ ಗೌಂಡಿಯನ್ನೇ ಕರೆತಂದರು, ಅವನೂ ಎರೆ ಸೀಮೆಯವನು, ಹೌದ್ರಿ ಯಪ್ಪಾ ಒಡ್ಡಽ ಇದು, ಅಂದ, ಆ ಗುಂಡುಕಲ್ಲನ್ನೇ ಎತ್ತಿ ಗೋಡೆಗೆ ಇಟ್ಟ, ಒಂದಕ್ಕೂ ಮೂಲೆ ಇಲ್ಲ, ಒಂದಕ್ಕೂ ಅಂಚಿಲ್ಲ, ನಮ್ಮ ಮನೆಯ ಒರಳಿನ ಗುಂಡಿನ ಹಾಗೆ ನುಣ್ಣಗೆ, ಕೈಯಾಡಿಸಿ ಎಷ್ಟು ಛಲೋ ಅದಾವಲ್ಲ ಎಂದವಳು ನಾನು.

ಇವರು ಈಗ ನಡುವಿನ ಪೈಪಿನ ಮುಂದೆ ಬಂದರು. ಸಳಿ ತೂರಿಸಿದರು. ಅರ್ಧ ಹೋಯಿತು, ಮುಂದೆ ಹೋಗಲಿಲ್ಲ, ಎಳೆದರು, ಮತ್ತೆ ತೂರಿಸಿದರು, ಭುಜ ಕೊಟ್ಟು ಒತ್ತುತ್ತಿದ್ದಾರೆ, ಪೈಪಿನ ಬಾಯಿ ಹಾಗೇ ಇದೆ, ಒಂದು ಹನಿ ಇಲ್ಲ, ಅಷ್ಟೊಂದು ನೀರು ಹುಲ್ಲಿನ ಮೇಲೆ ಬಿದ್ದು ಹುಲ್ಲಿನೊಳಗೆ ಹೋಗುತ್ತಿದೆ, ಗುಡ್ಡದ ಮೇಲಿನದೂ ಇಳಿದು ಬಂದು ಹುಲ್ಲಿನೊಳಗೇ ಹೋಗುತ್ತಿದೆ, ಹೋದದ್ದು ಎಲ್ಲಿ ಹೋಯಿತು. ಹುಲ್ಲಿನಲ್ಲಿ ಒಂದು ಗೆರೆ ಇದೆ. ಗೋಡೆಗೆ ಸಮಕ್ಕೆ, ಉದ್ದಕ್ಕೆ, ಚಾಪೆ ಚಾಪೆ ಕೂಡಿದಲ್ಲಿ, ನಿನ್ನೆ ನಾನೇ ಅಂಗೈಯಿಂದ ಒತ್ತಿ ಕೂಡಿಸಿದ ಜಾಗ, ಮುಂಜಾನೆ ಅದು ಬೆರಳು ಹೋಗುವಷ್ಟಿತ್ತು, ನಾನು ಸರಿ ಒತ್ತಲಿಲ್ಲ ಅಂದುಕೊಂಡೆ, ಈಗ ಏಡಿ ಅದರೊಳಗಿಂದ ಹತ್ತಿ ಬರುತ್ತಿದೆ, ಇನ್ನೊಂದು ಏಡಿ, ಮೊದಲಿನದು ಆಗಲೇ ಹೊಸ್ತಿಲ ಹತ್ತಿರ ಬಂದಿದೆ, ಇದು ಬೇರೆ, ಇದರ ಹಿಂದೆ ಮತ್ತೊಂದು. ತವೆಯ ಮೇಲೆ ಹಾಕಿದ ರೊಟ್ಟಿ ಉಬ್ಬುತ್ತಿದೆ, ನಡುವೆ ಒಂದು ಬೊಕ್ಕೆ ಎದ್ದು, ಬೊಕ್ಕೆ ಬೊಕ್ಕೆ ಕೂಡಿ, ಎಲ್ಲ ಮೇಲೆದ್ದು, ಒಳಗೆ ಉಗಿ ತುಂಬಿ, ಈಗ ಎಲ್ಲಿಯಾದರೂ ಒಂದು ಕಡೆ ಹರಿಯಲೇಬೇಕು, ಹರಿಯಿತು, ಉಸ್ ಎಂದಿತು, ಕೈಗೆ ಬಡಿಯಿತು, ಕೈ ಹಿಂದಕ್ಕೆ ಎಳೆದುಕೊಂಡು ಕಿಟಕಿಯಾಚೆ ನೋಡಿದರೆ ಗೋಡೆಯೂ ಉಬ್ಬಿದೆ. ಇಲ್ಲ, ಓರೆಯಾಗಿ ನೋಡುತ್ತಿದ್ದೇನೆ, ಮಳೆ ಬೇರೆ, ಹಾಗೆ ಕಾಣುತ್ತದೆ. ನಡುವೆ, ಆ ಪೈಪಿನ ಸುತ್ತಲೂ, ಕಲ್ಲುಗಳು ಸ್ವಲ್ಪ ಮುಂದೆ ಬಂದ ಹಾಗೆ, ನಿನ್ನೆ ಮೊನ್ನೆಯೂ ಹಾಗೇ ಇದ್ದವೇನೋ, ಇರಲಿಲ್ಲ. ಮುಂಜಾನೆ ಸಾವಿತ್ರಿಬಾಯಿ ಗದ್ದೆಗೆ ಹೋಗುವಾಗ ಪ್ಲಾಸ್ಟಿಕ್ ಹೊದ್ದುಕೊಂಡು ಗೇಟಿನ ಆಚೆ ನಿಂತು ಕೂಗಿದಳು, ತಾಯೀ, ವರ ಓಢ್ಯಾಲಾ ಪಾಣೀ ಆಲಂ, ಮೇಲೆ ನೀರು ಬಂದಿದೆ ಅಂದಳು, ನಾನು ಕೈಯೆತ್ತಿ, ಹೋ ಹೋ, ಚಾಂಗಲಂ ಝಾಲಂ ಎಂದೆ, ಒಡ್ಡಿಗೆ ನೀರು ಬಂದರೆ ಒಳ್ಳೆಯದಲ್ಲದೆ ಏನು, ಆಕೆ ಹೋಗಲಿಲ್ಲ, ನಮ್ಮ ಹುಲ್ಲನ್ನೇ ನೋಡುತ್ತ, ಮಗ ಓಢಾ ಕುಠಂ ಗೇಲಾ, ಹಾಗಾದರೆ ಅದು ಎಲ್ಲಿ ಹೋಯಿತು ಎಂದು ಕೇಳಿದಳು, ಖಾಲೀ ಆಹೇ, ಎಂದೆ ನಾನು ನಗುತ್ತ, ಕೆಳಗೇ ಇದೆ, ಅದರ ಮೇಲೇ ಗೋಡೆ ಕಟ್ಟಿದ್ದೇವೆ, ನನ್ನ ಮರಾಠಿಯಲ್ಲಿ ಒಂದು ತಪ್ಪಿಲ್ಲದೆ ಹೇಳಿದೆ. ಆಕೆ ಹಣೆಗೆ ಕೈ ಹಚ್ಚಿಕೊಂಡಳು. ಮೆಚ್ಚಿದಳು ಅಂದುಕೊಂಡೆ. ಆಮೇಲೂ ಏನೋ ಅಂದಳು, ಕೈಯಿಂದ ಬಾ ಬಾ ಎಂದು ಕರೆದಳು, ರಸ್ತೆಯ ಕಡೆ ತೋರಿಸಿದಳು, ಮಳೆಯ ಸಪ್ಪಳದಲ್ಲಿ ಕೇಳಲಿಲ್ಲ, ಗದ್ದೆಗೆ ಕರೆಯುತ್ತಿದ್ದಾಳೆ, ಸಸಿ ನಾಟುವುದನ್ನು ನೋಡಲು, ಅಂದುಕೊಂಡು, ನಂತರ ಬರ್ತೀನಿ ಎಂದು ಕೈ ಬೀಸಿ ಒಳಗೆ ಬಂದೆ, ಹಿಟ್ಟು ಕಲಸಿದೆ.

ಏಡಿ ಹೊಸ್ತಿಲು ದಾಟಿತು. ಒದ್ದೆ ಒದ್ದೆ ಕಾಲು, ಸಿಮೆಂಟಿನ ಮೇಲೆ ಟಿಕ್ ಟಿಕ್ ಎಂದು ಒಲೆಯ ಕಡೆ ಬರುತ್ತಿದೆ, ಏಡಿ ಎಲ್ಲಿ ಇರುತ್ತದೆ, ನನಗೆ ಗೊತ್ತಿದೆ, ಬೆಣ್ಣೆಹಳ್ಳದಲ್ಲಿ ಅಣ್ಣ ಗುಂಡುಕಲ್ಲು ಎತ್ತಿದರೆ ಕೆಳಗೆ ಇರುತ್ತಿತ್ತು, ಗುಂಡುಕಲ್ಲು, ಮೂಲೆ ಇಲ್ಲದ್ದು, ನುಣ್ಣಗೆ, ಎಷ್ಟು ವರ್ಷ ನೀರು ತಿಕ್ಕಿದರೆ ಕಲ್ಲು ಹಾಗೆ ಆಗುತ್ತದೆ, ಒಡ್ಡಿನ ಕಲ್ಲನ್ನು ಯಾರು ತಿಕ್ಕುತ್ತಾರೆ, ಎಮ್ಮೆಗಳು ಒಡ್ಡಿನಲ್ಲಿ ನೀರು ಕುಡಿಯುತ್ತವೆಯೇ, ಓಢ್ಯಾಲಾ ಪಾಣೀ ಆಲಂ, ಓಢ್ಯಾಲಾ, ಓಢ್ಯಾಲಾ ಪೂರ ಆಲಾ ವಹಿನೀ — ಯಾರು ಅಂದಿದ್ದರು ಹಾಗೆ, ಭಜನೆಯಲ್ಲಿ ನನ್ನ ಪಕ್ಕ ಕೂರುವಾಕೆ, ಆಂಬಿಲ ಓಢಾ ಕಾಲೊನಿಯವಳು, ಆ ವರ್ಷ ಪುಣೆಯಲ್ಲಿ ನೀರು ನುಗ್ಗಿ ಮಂದಿ ಮಾಳಿಗೆ ಏರಿ ಕುಳಿತಿದ್ದರಲ್ಲ, ಆಗ ಅಂದದ್ದು, ಪೂರ ಆಲಾ ಎಂದರೆ ಮಹಾಪೂರ ಬಂತು, ಅಷ್ಟು ತಿಳಿದಿತ್ತು, ಯಾವುದಕ್ಕೆ ಬಂತು ಎಂದು ಕೇಳಿರಲಿಲ್ಲ, ಆಂಬಿಲ ಓಢಾ ಅಂದರೆ ಓಣಿಯ ಹೆಸರು ಎಂದುಕೊಂಡಿದ್ದೆ, ಬಸ್ಸಿನ ಬೋರ್ಡಿನಲ್ಲಿ ಇರುವ ಹಾಗೆ, ಪೂರ ಓಣಿಗೆ ಬರುವುದಿಲ್ಲ, ಪೂ‌ರ ಒಡ್ಡಿಗೆ ಬರುವುದಿಲ್ಲ, ಓಢಾ, ಒಡ್ಡು ಅಲ್ಲ, ಸಾವಿತ್ರಿಬಾಯಿ ಎಳೆದೇ ಅಂದಿದ್ದಳು, ಓ, ಢಾ, ನಮ್ಮ ನಾಲಗೆಗೆ ಆ ಢ ಹತ್ತುವುದಿಲ್ಲ, ಕಿವಿಗೂ ಹತ್ತಲಿಲ್ಲ, ಹಲ್ಲಿಲ್ಲದ ಬಾಯಿ ಎಂದು ನಾನೇ ತಿದ್ದಿಕೊಂಡೆ, ತಿದ್ದಿ ಇವರ ಕೈಗೆ ಕೊಟ್ಟೆ, ಇಲ್ಲಿ ಒಡ್ಡು ಇತ್ತಂತ್ರಿ. ಹಳ್ಳ. ಇಲ್ಲಿ ಹಳ್ಳ ಇತ್ತು ತಾಯೀ, ನಮ್ಮ ಎಮ್ಮೆಗಳು ಇಲ್ಲೇ ನೀರು ಕುಡಿಯುತ್ತಿದ್ದವು. ಮೇಲೆ ಹಳ್ಳಕ್ಕೆ ನೀರು ಬಂದಿದೆ. ಹಳ್ಳ ಎಲ್ಲಿ ಹೋಯಿತು. ಕೆಳಗೇ ಇದೆ. ಹುಲ್ಲಿನ ಕೆಳಗೆ ಇದೆ, ನಾವು ತುಂಬಿಸಿದ ಮಣ್ಣನ್ನು ಕುಡಿದು ಕುಡಿದು ಗೋಡೆಯ ಹಿಂದೆ ನಿಂತಿದೆ, ಗೋಡೆಯ ಮುಂದೆ ಇವರು ನಿಂತಿದ್ದಾರೆ, ಸಳಿಯಿಂದ ಅದನ್ನು ಚುಚ್ಚುತ್ತಿದ್ದಾರೆ. ರೀ, ಎಂದೆ. ರೀ ಎಂಬುದು ಕೂಗಲು ಬರುವ ಶಬ್ದವಲ್ಲ, ಪಕ್ಕದ ಕೋಣೆಗೆ, ಊಟಕ್ಕೆ ಕೂತವರಿಗೆ, ಅಷ್ಟಕ್ಕೇ ಅದು, ಬಾಯಿಯಿಂದ ಹೊರಟು ತಗಡಿನ ಸಪ್ಪಳದಲ್ಲೇ ಸತ್ತಿತು, ರೀ, ರೀ, ಬರ್ರಿ ಈ ಕಡೆ, ಹೆಸರು ಗಂಟಲವರೆಗೆ ಬಂತು, ಈ ಬಾಯಿಂದ ಒಮ್ಮೆಯೂ ಹೊರಗೆ ಬಂದದ್ದಲ್ಲ, ಅಲ್ಲೇ ನಿಂತಿತು, ತಾಟು ತೆಗೆದುಕೊಂಡು ಸೌಟಿನಿಂದ ಬಡಿದೆ, ಕಿಟಕಿಯ ಸರಳಿಗೆ ಬಡಿದೆ, ಕೇಳಿತು, ಹಳದಿ ಕುಂಚಿಗೆ ಸ್ವಲ್ಪ ತಿರುಗಿತು, ಒಂದು ಬೆರಳು ಎತ್ತಿದರು, ಒಂದು ನಿಮಿಷ, ರೊಟ್ಟಿ ಆಯಿತು ಎಂದು ಕರೆಯುತ್ತಿದ್ದೇನೆ ಅಂದುಕೊಂಡರು, ಮತ್ತೆ ಸಳಿಗೆ ಭುಜ ಕೊಟ್ಟರು. ಬಾಗಿಲು, ಏಡಿ, ಮೆಟ್ಟಿಲು, ಹಾವಸೆ, ಮೊಣಕಾಲು ಎಲ್ಲಿದೆಯೋ ಗೊತ್ತಿಲ್ಲ, ಮೆಟ್ಟಿಲ ಮೇಲೆ ಕುಂಡಿ ಊರಿ ಜರುಗುತ್ತ ಇಳಿಯುತ್ತಿದ್ದೇನೆ, ಕೈ ತುಂಬ ಹಿಟ್ಟು, ಹಿಟ್ಟು ನೆನೆದು ಜಾರುತ್ತಿದೆ, ಇಲ್ಲಿಂದ ಗೋಡೆ ಪೂರಾ ಕಾಣುತ್ತದೆ, ಓರೆಯಾಗಿ ಅಲ್ಲ, ನೇರ, ಉಬ್ಬಿದೆ, ಕಣ್ಣಿನ ತಪ್ಪಲ್ಲ, ಕಲ್ಲು ಕಲ್ಲಿನ ನಡುವೆ ಸಿಮೆಂಟು ಉದುರುತ್ತಿದೆ, ಈ ಕಡೆಯ ಪೈಪು, ಈಗತಾನೆ ನೀರು ಬೀಳುತ್ತಿತ್ತಲ್ಲ, ಸಣ್ಣಗಾಯಿತು, ದಾರದಷ್ಟಾಯಿತು, ನಿಂತಿತು. ಏನೆಂದು ಕೂಗಲಿ, ಯಾವ ಶಬ್ದಕ್ಕೆ ಇವರು ಓಡುತ್ತಾರೆ, ಅವ್ವ ಏನೆಂದು ಕೂಗಿದ್ದಳು ನನ್ನ ಜಡೆಗೆ ಕೈ ಹಾಕುವಾಗ, ಅದೇ, ಅದೊಂದೇ, ಹೊಟ್ಟೆಯ ತಳದಿಂದ ಬಂತು, ಹಳ್ಳ ಬಂತೋ, ಹಳ್ಳ ಬಂತೋ, ನನ್ನ ದನಿ ಅಲ್ಲ ಅದು, ಅವ್ವನ ದನಿ, ಮಳೆಯನ್ನು ಸೀಳಿಕೊಂಡು ಹೋಯಿತು, ಎರಡು ಟೊಪ್ಪಿಗೆಯ ಒಳಗೂ ಹೋಯಿತು, ಈ ಸಲ ಸರಿಯಾದ ಶಬ್ದ, ತಪ್ಪಿಲ್ಲದ ಶಬ್ದ, ಇವರಿಗೆ ಕೇಳಿತು. ಸಳಿ ಬಿಟ್ಟರು. ತಿರುಗಿದರು. ಕುಂಚಿಗೆ ಹಿಂದಕ್ಕೆ ಸರಿಸಿ ಮುಖ ಎತ್ತಿದರು, ಬಾಯಿ ತೆರೆದಿದೆ, ಕಣ್ಣು ಹೊಳೆಯುತ್ತಿದೆ, ನಿನ್ನೆ ಹುಲ್ಲಿನ ಮೇಲೆ ಮಲಗಿದ್ದಾಗ ಇದ್ದ ಅದೇ ಮುಖ, ಹುಡುಗನ ಮುಖ, ಅಯ್ಯೋ, ಇವರ ಊರಿನ ಹಳ್ಳ ಬೇರೆ, ಅಲ್ಲಿ ಈ ಕೂಗಿಗೆ ಶಾಲೆ ಬಿಡುತ್ತದೆ, ಮಾಸ್ತರರು ಓಡುತ್ತಾರೆ, ದಂಡೆ ತುಂಬ ಮಂದಿ, ಅಲ್ರೀ, ಆ ಹಳ್ಳ ಅಲ್ಲ, ನನ್ನ ಹಳ್ಳ, ನನ್ನ ಹಳ್ಳ, ಎಲ್ಲಿ ಎಂದು ಕೇಳುತ್ತಿದ್ದಾರೆ, ತುಟಿ ಕಾಣುತ್ತಿದೆ, ಎಲ್ಲಿ ಇಂದೂ, ಎಲ್ಲಿ ಬಂತು, ಓಡುತ್ತಿಲ್ಲ, ಹಿಮ್ಮಡಿ ಎತ್ತಿ ನಿಂತು ಎಡಕ್ಕೆ ನೋಡುತ್ತಿದ್ದಾರೆ, ಬಲಕ್ಕೆ ನೋಡುತ್ತಿದ್ದಾರೆ, ಹಿಂದೆ ಮಾತ್ರ ನೋಡುತ್ತಿಲ್ಲ, ಬೆನ್ನು ಅದರ ಕಡೆ, ನಗು ನನ್ನ ಕಡೆ, ಹೆಗಲಿನ ಹಿಂದೆ ಸಳಿ ತಾನಾಗಿ ಹೊರಗೆ ಸರಿದು ಬಿತ್ತು, ನಡುವಿನ ಪೈಪು, ಒಣ ಬಾಯಿ, ಒಂದು ಹನಿ ಇಲ್ಲ, ಒಣ ಬಾಯಿ